ಹಳೇ ಆಲ್ಕೋಗೆ ಹೊಸ ದನಿ: 3.5 ತೆಗೆದು ಲೋಕ್‌ಸೌಂಡ್ 5 ಹಾಕಿದ್ದು

ಷುಗರ್‌ಕ್ಯೂಬ್ ಅನ್ನುವ ಪುಟ್ಟ ಚೌಕ ಸ್ಪೀಕರಿನಿಂದ ಅಮೆರಿಕದ ಆಲ್ಕೋ ಕಂಪನಿಯ ರೈಲು ಇಂಜಿನಿನ ಗುಡುಗು ಬರುವುದಿಲ್ಲ, 28 ಮಿ.ಮೀ. ದುಂಡು ಸ್ಪೀಕರೇ ಬೇಕು ಅಂತ ವಾದಿಸಿದವರೆಲ್ಲ ಈಗ ನನ್ನ ಸಿ-424 ಕೇಳಿಯಾಗಿದೆ; ಇದು ಅಟ್ಲಾಸ್ ಕಂಪನಿಯ, ಎಚ್‌ಓ (1:87) ಅಳತೆಯ ಮಾದರಿ ರೈಲು ಇಂಜಿನ್. ಪಕ್ಕದ ಕೋಣೆಯಲ್ಲಿ ನಿಂತರೂ ನಾಚ್ (ಥ್ರಾಟಲಿನ ಮೆಟ್ಟಿಲು) ಏರುವುದು ಒಂದೊಂದಾಗಿ ಕೇಳುತ್ತದೆ. ಒಳಗಿರುವುದು 11×15 ಮಿ.ಮೀ.ನ ಎರಡೇ ಸ್ಪೀಕರು. ಅದಕ್ಕೆ ಸದ್ದು ಕಳಿಸುವುದು ಹಳೇ ಲೋಕ್‌ಸೌಂಡ್ 3.5ರ ಜಾಗಕ್ಕೆ ಹಾಕಿದ ಲೋಕ್‌ಸೌಂಡ್ 5 ಡಿಕೋಡರ್, ಅಂದರೆ ಹಳಿಯಿಂದ ಬರುವ ಆಜ್ಞೆ ಓದಿ ಮೋಟಾರು, ದೀಪ, ಸದ್ದು ನಡೆಸುವ ಪುಟ್ಟ ಸರ್ಕಿಟ್ಟು.

ಸಿ-424ನ್ನೇ ಹಿಡಿದದ್ದು ನಿಜವಾದ ಸಿ-424ರ 16 ಸಿಲಿಂಡರಿನ 251 ಡೀಸೆಲ್ ಎಂಜಿನಿನ ಸದ್ದಿಗಾಗಿ. 1962ರಲ್ಲಿ ಆಲ್ಕೋದಿಂದ ಬಂದು, 1964ರಿಂದ ವಾರಾಣಸಿಯಲ್ಲೇ ತಯಾರಾದ ನಮ್ಮ ರೈಲ್ವೆಯ ಡೀಸೆಲ್ ಇಂಜಿನ್ ಡಬ್ಲ್ಯುಡಿಎಂ-2ರ ಹೊಟ್ಟೆಯಲ್ಲಿದ್ದದ್ದೂ 16 ಸಿಲಿಂಡರಿನ 251. ಬೆಂಗಳೂರಿನ ಕೆ.ಆರ್. ಪುರಂ ಡೀಸೆಲ್ ಶೆಡ್ಡಿನ ಹತ್ತಿರ ಆ ಸದ್ದು ಕೇಳಿದ ಕಿವಿಗೆ ತಗಡಿನ ಡಬ್ಬಿ ಬಡಿದಂಥ ದನಿ ಸಾಲುವುದಿಲ್ಲ.

ದುಡ್ಡಿನ ಲೆಕ್ಕ ಮೊದಲು. ಡಿಕೋಡರಿಗೆ ಅಂಚೆ, ಸುಂಕ ಸೇರಿ 13 ಸಾವಿರದ ಆಸುಪಾಸು ಆಯಿತು. ಮೊದಲನೆಯದರ ಆಂಪ್ಲಿಫೈಯರ್ ಸುಟ್ಟಿದ್ದರಿಂದ ಇನ್ನೊಂದು 13. ಸ್ಪೀಕರು ಮಾತ್ರ ಎಸ್.ಪಿ. ರೋಡಿನ ಮೊಬೈಲ್ ಬಿಡಿಭಾಗದ ಅಂಗಡಿಯಲ್ಲಿ ಜೋಡಿಗೆ ಮುನ್ನೂರು ಚಿಲ್ಲರೆಗೆ ಸಿಕ್ಕಿತು. ಫೋನಿನ ಸ್ಪೀಕರೇ ಸಾಕು, 8 ಓಮ್ ಅಂತ ಮಲ್ಟಿಮೀಟರಿನಲ್ಲಿ ನೋಡಿ ತನ್ನಿ. ಮೀಟರು 7ರ ಹತ್ತಿರ ತೋರಿಸಿದರೂ ಅದು 8ರದ್ದೇ.

ಓಮ್ ವಿಷಯದಲ್ಲೇ ಹೆಚ್ಚಿನವರು ಎಡವುವುದು. ಲೋಕ್‌ಸೌಂಡ್ 3.5ಕ್ಕೆ 100 ಓಮ್ ಸ್ಪೀಕರು ಬೇಕು. ಅದಕ್ಕೆ 8 ಓಮ್ ಕಟ್ಟಿದರೆ ಆಂಪ್ಲಿಫೈಯರ್ ಹೋಗುತ್ತದೆ. ತಿರುಗಾ ಮುರುಗಾ ಮಾಡಿ ಹಳೇ 100 ಓಮ್ ಸ್ಪೀಕರನ್ನು ಹೊಸ 5ಕ್ಕೆ ಜೋಡಿಸಿದರೆ ಏನೂ ಸುಡುವುದಿಲ್ಲ, ಆದರೆ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಕೇಳುತ್ತದೆ. "ಹೊಸದು ಹಾಕಿದೆ, ಏನೂ ಸುಧಾರಿಸಲಿಲ್ಲ" ಅನ್ನುವವರ ಇಂಜಿನ್ ಬಿಚ್ಚಿ ನೋಡಿ, ಒಳಗೆ ಹಳೇ ಸ್ಪೀಕರೇ ಇರುತ್ತದೆ. 5ಕ್ಕೆ 4ರಿಂದ 32 ಓಮ್‌ವರೆಗೂ ನಡೆಯುತ್ತದೆ. ಎರಡು 8 ಓಮನ್ನು ಪ್ಯಾರಲಲ್ ಕಟ್ಟಿ 4 ಮಾಡಿಕೊಂಡೆ.

ನಿಜವಾದ ಕೆಲಸ ಡಿಕೋಡರಿನದಲ್ಲ, ಡಬ್ಬಿಯದು. 1 ಮಿ.ಮೀ. ಸ್ಟೈರೀನ್ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಎರಡು ಸ್ಪೀಕರಿಗೂ ಒಂದೇ ಡಬ್ಬಿ ಮಾಡಿದೆ, ನಡುವೆ ಗೋಡೆಯಿಲ್ಲ. ಹೊರಗಿನ ಉದ್ದ 33 ಮಿ.ಮೀ., ಅಗಲ ಹುಡ್ (ಇಂಜಿನಿನ ಮೇಲ್ಕವಚ) ಒಳಗೆ ಹಿಡಿಯುವಷ್ಟು, ಎತ್ತರ ಸುಮಾರು 9. ಅದಕ್ಕೆ ಜಾಗ ಮಾಡಲು ಹಿಂಬದಿಯ ತೂಕದ ಲೋಹವನ್ನು ಅರದಿಂದ 6 ಮಿ.ಮೀ.ನಷ್ಟು ತಗ್ಗಿಸಬೇಕಾಯಿತು. ಉಜ್ಜುವ ಮೊದಲು ಮೋಟಾರು, ಟ್ರಕ್ಕು (ಗಾಲಿಗಳ ಬೋಗಿ) ಎರಡೂ ಹೊರಗಿರಲಿ. ಪುಡಿ ಗೇರಿಗೆ ಬಿದ್ದರೆ ತೆಗೆಯುವುದು ರಗಳೆ.

ಡಬ್ಬಿ ಸೋರುತ್ತಿದೆಯೇ ಅಂತ ನೋಡಲು ಕಿವಿ ಬೇಡ. ಹತ್ತಿ ಸುತ್ತಿದ ಕಡ್ಡಿಯಿಂದ ಒಂದು ಸ್ಪೀಕರಿನ ಪೊರೆಯನ್ನು ಮೆಲ್ಲಗೆ ಒತ್ತಿ. ಪಕ್ಕದ ಪೊರೆ ಉಬ್ಬಿ, ಕಡ್ಡಿ ತೆಗೆಯುವವರೆಗೂ ಹಾಗೇ ನಿಲ್ಲಬೇಕು. ಉಬ್ಬಿ ನಿಧಾನಕ್ಕೆ ಇಳಿದುಬಿಟ್ಟರೆ ಎಲ್ಲೋ ಗಾಳಿ ಹೋಗುತ್ತಿದೆ. ನನ್ನ ಮೊದಲ ಮೂರು ಡಬ್ಬಿಗಳು ತಂತಿ ಹೊರಬರುವ ತೂತಿನಲ್ಲೇ ಸೋರಿದವು. ನಾಲ್ಕನೆಯದಕ್ಕೆ ಬೇರೆ ಅಂಟು ಬಳಸಿದೆ. ಯಾವುದು, ಯಾವ ಹದ ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಡಬ್ಬಿ ಮುಚ್ಚುವ ಮೊದಲೇ ಮಾಡಬೇಕಾದ ಇನ್ನೊಂದು ಪರೀಕ್ಷೆ: ಎರಡೂ ಸ್ಪೀಕರನ್ನು ಜೋಡಿಸಿದ ತಂತಿಗೆ 1.5 ವೋಲ್ಟ್ ಸೆಲ್ಲನ್ನು ಕ್ಷಣಮಾತ್ರ ಮುಟ್ಟಿಸಿ. ಎರಡೂ ಪೊರೆ ಒಂದೇ ದಿಕ್ಕಿಗೆ ಚಿಮ್ಮಬೇಕು. ಒಂದು ಒಳಗೆ, ಒಂದು ಹೊರಗೆ ಹೋದರೆ ಒಂದರ ತಂತಿ ಅದಲು ಬದಲು ಮಾಡಿ, ಇಲ್ಲದಿದ್ದರೆ ಕೆಳದನಿಯೆಲ್ಲ ಒಂದಕ್ಕೊಂದು ಹೊಡೆದು ಸಾಯುತ್ತದೆ. ಷುಗರ್‌ಕ್ಯೂಬಿಗೆ ಬಾಸ್ ಇಲ್ಲ ಅನ್ನುವ ಅಪವಾದಕ್ಕೆ ಅರ್ಧ ಕಾರಣ ಇದೇ ಅಂತ ನನ್ನ ನಂಬಿಕೆ.

ವೈರಿಂಗ್ ಗೊತ್ತಿದ್ದದ್ದೇ. ಕಾರ್ಖಾನೆಯ ಬೋರ್ಡು, ಅದರ ಕಪ್ಪು ಪ್ಲಾಸ್ಟಿಕ್ ಕ್ಲಿಪ್ಪು ಎಲ್ಲ ಎಸೆದು 21ಎಂಟಿಸಿ (ಡಿಕೋಡರ್ ಒತ್ತಿ ಕೂರಿಸುವ ಪಿನ್ನುಗಳ ಜೋಡಣೆ) ಅಡಾಪ್ಟರ್ ಬೋರ್ಡಿಗೆ ಒಮ್ಮೆ ಸೋಲ್ಡರ್ ಮಾಡಿದರೆ, ಮುಂದಿನ ಸಲ ಡಿಕೋಡರ್ ಕಿತ್ತು ಇನ್ನೊಂದು ಒತ್ತುವುದಷ್ಟೇ. ಎಲ್‌ಇಡಿಗೆ 1 ಕೆ. ರೆಸಿಸ್ಟರ್. ಡಿಕೋಡರ್ ಒತ್ತುವ ಮುನ್ನ ಮೋಟಾರಿನ ಕಿತ್ತಳೆ, ಬೂದು ತಂತಿಗಳಿಗೂ ಫ್ರೇಮಿಗೂ, ಹಾಗೇ ಎರಡೂ ಹಳಿಗೂ ಸಂಪರ್ಕ ಇಲ್ಲವೆಂದು ಮಲ್ಟಿಮೀಟರಿನ ಬೀಪ್ ಹಾಕಿ ನೋಡಿ. ಮೊದಲ ಸಲ ನಾನು ಮೋಟಾರಿಗೆ ನೋಡಿದೆ, ಸ್ಪೀಕರ್ ತಂತಿಗೆ ನೋಡಲಿಲ್ಲ. ಷೆಲ್ ಕೂರಿಸುವಾಗ ಸ್ಪೀಕರಿನ ಕಂದು ತಂತಿ ಕೊಂಡಿಯ ಕೆಳಗೆ ಸಿಕ್ಕಿ, ಹೊದಿಕೆ ಕತ್ತರಿಸಿ ಫ್ರೇಮಿಗೆ ತಾಗಿತು. ಇಂದಿಗೂ ಇಂಜಿನ್ ಚೆನ್ನಾಗಿ ಓಡಿಸುವ, ದೀಪ ಉರಿಸುವ, ಆದರೆ ಸದ್ದಿಲ್ಲದ 13 ಸಾವಿರದ ಡಿಕೋಡರ್ ಡ್ರಾಯರಿನಲ್ಲಿದೆ. ಕಪ್ಪು ಇನ್ಸುಲೇಷನ್ ಟೇಪನ್ನು ನಂಬಬೇಡಿ. ಬಿಸಿಗೆ ಅಂಟು ಜಾರಿ ಟೇಪೇ ಸರಿಯುತ್ತದೆ. ಬಿಸಿ ತಡೆಯುವ ಕ್ಯಾಪ್ಟಾನ್ (Kapton) ಟೇಪ್ ಹಾಕಿ.

ಹಳಿಯ ಕರೆಂಟು ಕ್ಷಣ ತಪ್ಪಿದರೂ ಇಂಜಿನ್ ನಿಲ್ಲದಂತೆ ಕಾಯುವ ಕೀಪ್ ಅಲೈವ್‌ಗೆ 2.7 ವೋಲ್ಟ್, 1 ಫ್ಯಾರಡ್ ಸೂಪರ್ ಕೆಪಾಸಿಟರ್ ಐದನ್ನು ಸೀರೀಸ್‌ನಲ್ಲಿ ಕಟ್ಟಿದ್ದೆ. ಒಟ್ಟು ತಡೆಯುವುದು 13.5 ವೋಲ್ಟ್. ಹಳಿಯಲ್ಲಿ 16 ವೋಲ್ಟ್ ಇದ್ದದ್ದರಿಂದ ಡಿಕೋಡರಿನ ಒಳಗೆ 14.5ರ ಹತ್ತಿರ ಬಂದು ಒಂದು ಉಬ್ಬಿಹೋಯಿತು. ಆರನೆಯದು ಸೇರಿಸಿದ ಮೇಲೆ ಸರಿ. ಚಾರ್ಜಾಗುವ ದಾರಿಯಲ್ಲಿ 100 ಓಮ್, ಅದಕ್ಕೆ ಪ್ಯಾರಲಲ್ ಒಂದು 1ಎನ್4001 ಡಯೋಡ್ ಬೇಕೇ ಬೇಕು. ಇಲ್ಲದಿದ್ದರೆ ಹಳಿಗಿಟ್ಟ ಕೂಡಲೇ ಹಳಿಗೆ ಕರೆಂಟು, ಆಜ್ಞೆ ಕೊಡುವ ಕಮಾಂಡ್ ಸ್ಟೇಷನ್ ಷಾರ್ಟ್ ಅಂದುಕೊಂಡು ಟ್ರಿಪ್ ಆಗುತ್ತದೆ. ನಡುವೆ ಎರಡು ಪಿನ್ನಿನ ಕನೆಕ್ಟರ್ ಇಟ್ಟಿದ್ದೇನೆ, ಪ್ರೋಗ್ರಾಮಿಂಗ್ ಹಳಿಯಲ್ಲಿ ಅದನ್ನು ಕಿತ್ತಿಡದಿದ್ದರೆ ಸಿವಿ (ಡಿಕೋಡರಿನ ಒಂದೊಂದು ಸೆಟ್ಟಿಂಗಿನ ಅಂಕಿ) ಓದುವುದೇ ಇಲ್ಲ.

3.5ರ ಸದ್ದಿನ ಫೈಲು 5ಕ್ಕೆ ಆಗುವುದಿಲ್ಲ. ಕಂಪ್ಯೂಟರಿನಿಂದ ಡಿಕೋಡರಿಗೆ ಬರೆಯುವ ಲೋಕ್‌ಪ್ರೋಗ್ರಾಮರಿನಲ್ಲಿ ಹೊಸ 251 ಫೈಲು ಬರೆಯಲು ಅರ್ಧ ಗಂಟೆಯಷ್ಟು ಹಿಡಿಯಿತು, ನಡುವೆ ಲ್ಯಾಪ್‌ಟಾಪ್ ನಿದ್ದೆಗೆ ಹೋದರೆ ಮೊದಲಿನಿಂದ ಶುರು. ಆಮೇಲೆ ಎರಡು ಮೀಟರ್ ನೇರ ಹಳಿ ಖಾಲಿ ಮಾಡಿ ಸಿವಿ 54ಕ್ಕೆ 0 ಬರೆದು ಕಂಟ್ರೋಲರಿನ ಎಫ್1 ಗುಂಡಿ ಒತ್ತಿದೆ. ಇಂಜಿನ್ ಪೂರ್ತಿ ವೇಗದಲ್ಲಿ ಒಮ್ಮೆ ಚಿಮ್ಮಿ ಮೋಟಾರಿನ ಅಳತೆ ತಾನೇ ತೆಗೆದುಕೊಳ್ಳುತ್ತದೆ. ಕೈ ಅಡ್ಡ ಹಿಡಿಯಬೇಡಿ, ಅಳತೆ ಕೆಡುತ್ತದೆ.

ಒಟ್ಟು ಸದ್ದಿನ ಮಟ್ಟ ಹೇಳುವ ಸಿವಿ 63 ಫ್ಯಾಕ್ಟರಿಯಲ್ಲಿ 180. ಅಷ್ಟಕ್ಕೇ ಬಿಟ್ಟರೆ ಹಾರ್ನ್ ಹೊಡೆದಾಗ ಚಿಕ್ಕ ಪೊರೆಯ ದನಿ ಒಡೆಯುತ್ತದೆ. ನನ್ನದು 105ರ ಹತ್ತಿರ. ಸಿವಿ 31ಕ್ಕೆ 16, 32ಕ್ಕೆ 1 ಬರೆದು 259ರ ಪ್ರೈಮ್ ಮೂವರ್ (ಡೀಸೆಲ್ ಎಂಜಿನ್) ಸದ್ದನ್ನು 128ರಲ್ಲೇ ಬಿಟ್ಟು, 275ರ ಹಾರ್ನನ್ನು ಎಪ್ಪತ್ತಕ್ಕೆ ಇಳಿಸಿದೆ. ಈಕ್ವಲೈಸರಿನ ಅಂಕಿಗಳನ್ನು ಹೇಳಲಾರೆ, ಆದರೆ ಬಾಸ್ ಏರಿಸುವ ಬದಲು ಮೇಲಿನದನ್ನು ಕಡಿಮೆ ಮಾಡಿ ನೋಡಿ.

ಡಬ್ಬಿಗೆ 2 ಮಿ.ಮೀ. ತೂತು ಕೊರೆದು ಬಾಸ್ ರಿಫ್ಲೆಕ್ಸ್ ಕೂಡ ನೋಡಿದೆ, ಇದ್ದ ಗುಡುಗೂ ಹೋಯಿತು. ಒಳಗೆ ಹತ್ತಿ ತುಂಬಿದ್ದರಿಂದ ಏನೂ ವ್ಯತ್ಯಾಸವಾಗಲಿಲ್ಲ. ಡಬ್ಲ್ಯುಡಿಎಂ-2ರ ಹಾರ್ನನ್ನು ಮೊಬೈಲಿನಲ್ಲಿ ಹಿಡಿದು ಮೋನೋ ವೇವ್ ಮಾಡಿ ಹಾಕಿದ್ದು ಮಾತ್ರ ಗೆದ್ದಿತು. ಹಿಂದೆ ಕಾಗೆ ಕೂಗುವುದನ್ನು ಇನ್ನೂ ಕತ್ತರಿಸಬೇಕು.

ಈಗ ಮೇಜಿನ ಮೇಲೆ ಇನ್ನೊಂದು ಮಾದರಿ ಇಂಜಿನ್, ಎಸ್‌ಡಿ70, ಬಿಚ್ಚಿದೆ. ಅದರ 16 ಸಿಲಿಂಡರಿನ 710 ಎಂಜಿನಿನ ಸದ್ದು ನಮ್ಮ ಹುಬ್ಬಳ್ಳಿಯ ಗೂಡ್ಸ್ ಇಂಜಿನ್ ಡಬ್ಲ್ಯುಡಿಜಿ-4ಕ್ಕೂ ಹೊಂದುತ್ತದೆ. ಹುಡ್ ಉದ್ದ ಹೆಚ್ಚಿರುವುದರಿಂದ ಈ ಸಲ ನಾಲ್ಕು ಸ್ಪೀಕರು: ಎರಡೆರಡು ಸೀರೀಸ್, ಆ ಜೋಡಿಗಳು ಪ್ಯಾರಲಲ್, ಒಟ್ಟು 8 ಓಮ್.