ಆಷಾಢದ ಲೆಕ್ಕ ಹಾಕದೆ ಶಾಲೆಗೆ ಸೋಲಾರ್ ಹಾಕಿದ್ದು

ನಾನು ಸಾಗರದಲ್ಲಿ ವೈರಿಂಗ್, ಸೋಲಾರ್ ಕೆಲಸ ಮಾಡ್ಕೊಂಡಿರೋನು. ಶರಾವತಿ ಹಿನ್ನೀರಿನ ಆಚೆ ದಡದ ಒಂದು ಪ್ರೈಮರಿ ಶಾಲೆಗೆ ನಾವು ನಾಕು ಜನ ಸ್ನೇಹಿತ್ರು ಸೇರಿ ಕರೆಂಟು, ನೀರು, ಕಂಪ್ಯೂಟರ್ ಮಾಡ್ಸಿದ್ವಿ. ಲಿಂಗನಮಕ್ಕಿ ಡ್ಯಾಮ್ ಆಗಿದ್ದು 1964ರಲ್ಲಿ, ಆ ನೀರಿನ ಕರೆಂಟು ಎಲ್ಲೆಲ್ಲಿಗೋ ಹೋಗತ್ತೆ, ಇಲ್ಲಿ ಮಾತ್ರ ಲೈನ್ ಮೇಲೆ ಒಂದು ಮರ ಬಿತ್ತು ಅಂದ್ರೆ ವಾರಗಟ್ಲೆ ಕತ್ಲೆ. ಆಗಿನ್ನೂ ಸಿಗಂದೂರು ಸೇತುವೆ ಇರ್ಲಿಲ್ಲ, ಅದು ಓಪನ್ ಆಗಿದ್ದು 2025ರ ಜುಲೈನಲ್ಲಿ, ಹಂಗಾಗಿ ಸಾಮಾನೆಲ್ಲ ಲಾಂಚಲ್ಲೇ ದಾಟ್ಸಿದ್ದು. ಬ್ಯಾಟ್ರಿ ಒಂದೊಂದೂ ಐವತ್ತು ಕೆಜಿ ಮೇಲೆ, ಮಗುಚಿದ್ರೆ ಆಸಿಡ್ ಚೆಲ್ಲತ್ತೆ ಅಂತ ಜೀಪಲ್ಲಿ ಕಾಲ್ಸಂದಿಲಿ ಒತ್ತಿ ಹಿಡ್ಕಂಡು ಕೂತಿದ್ದೆ, ಪ್ಯಾಂಟು ತೂತಾಗಿದ್ದು ಮನೆಗೆ ಬಂದ್ಮೇಲೆ ಗೊತ್ತಾಯ್ತು.

ನೀರಿಗೆ ಸೋಲಾರ್ ಪಂಪ್ ಹಾಕೋಣ ಅಂತಿದ್ದೆ. ಶಾಲೆ ನೋಡ್ಕೊಳ್ಳೋ ಊರವರ ಸಮಿತಿ ಎಸ್‌ಡಿಎಂಸಿಲಿದ್ದ ಒಬ್ರು ಹಿರೇರು ನಕ್ಕು, "ಗುಡ್ಡದ ಮೇಲೆ ಅಬ್ಬಿ ಉಂಟಲ್ಲ ಮಾರಾಯ, ನೀರು ತಾನೇ ಇಳ್ಕಂಡು ಬರತ್ತೆ, ಪಂಪ್ ಯಾತಕ್ಕೆ?" ಅಂದ್ರು. ಆ ಅಬ್ಬಿ, ಅಂದ್ರೆ ಝರಿ ನೀರನ್ನ ಹಿಂದೆ ಅಡಿಕೆ ದಬ್ಬೇಲಿ (ಅಡಿಕೆ ಮರ ಸೀಳಿ ಮಾಡಿದ ಕಾಲುವೆ) ತರ್ತಿದ್ರಂತೆ. ನೀರು ಹತ್ತು ಮೀಟರ್ ಎತ್ತರದಿಂದ ಇಳಿದ್ರೆ ಚದರ ಸೆಂಟಿಮೀಟರಿಗೆ ಹೆಚ್ಚುಕಮ್ಮಿ ಒಂದು ಕೆಜಿ ಪ್ರೆಶರ್ ಸಿಗತ್ತೆ, ಟ್ಯಾಂಕ್ ತುಂಬೋಕೆ ಧಾರಾಳ. ಕಪ್ಪು ಪೈಪ್ ಎಳೆದ್ವಿ, ನೀರು ಬರ್ಲಿಲ್ಲ! ಮಧ್ಯ ಒಂದು ದಿಬ್ಬ ಹತ್ತಿ ಇಳಿಯೋ ಕಡೆ ಗಾಳಿ ಕಟ್ಕಂಡಿತ್ತು, ಅಲ್ಲೊಂದು ಟೀ (ಮೂರು ಬಾಯಿಯ ಪೈಪ್ ಜೋಡಣೆ) ಹಾಕಿ ಸಣ್ಣ ವಾಲ್ವ್ ಕೂರಿಸಿ ಗಾಳಿ ಬಿಟ್ಮೇಲೆ ಸರಿ ಹೋಯ್ತು. ಕುಡಿಯೋಕೆ ಈಗ್ಲೂ ಕುದಿಸೇ ಕೊಡೋದು.

ನಾನು ಎಡವಿದ್ದು ಕಂಪ್ಯೂಟರಲ್ಲಿ. ಒಂದು ಕಿಲೋವ್ಯಾಟ್ ಪ್ಯಾನೆಲ್, 12 ವೋಲ್ಟಿನ 150 ಎಎಚ್‌ದು (ಆಂಪಿಯರ್-ಅವರ್, ಬ್ಯಾಟ್ರಿ ಹಿಡಿಯೋ ಅಳತೆ) ಎರಡು ಬ್ಯಾಟ್ರಿ, ಯಾರೋ ಕೊಟ್ಟ ಐದು ಹಳೇ ಡೆಸ್ಕ್‌ಟಾಪು. ಏಪ್ರಿಲಲ್ಲಿ ದಿನಕ್ಕೆ ನಾಕು ಯೂನಿಟ್ ಬರ್ತಿತ್ತು, ನಂಗೆ ಭಾರೀ ಖುಷಿ. ಆರಿದ್ರಾ ಮಳೆ ಹಿಡೀತು ನೋಡಿ, ಒಂದು ಯೂನಿಟ್ಟೂ ಕಷ್ಟ. ಡೆಸ್ಕ್‌ಟಾಪ್ ಮಾನಿಟರ್ ಸೇರಿ ಒಂದಕ್ಕೆ 120 ವ್ಯಾಟ್ ಅಂದ್ರೂ ಐದಕ್ಕೆ 600, ಎರಡು ಗಂಟೆ ಕ್ಲಾಸಿಗೆ 1.2 ಯೂನಿಟ್, ಲೈಟು ಬೇರೆ, ಇನ್ವರ್ಟರ್ ತಿನ್ನೋದು ಬೇರೆ. ಎರಡು ಬ್ಯಾಟ್ರೀಲಿ ಹಿಡಿಯೋದು 3.6 ಯೂನಿಟ್ಟೇ ಆದ್ರೂ ಪದೇ ಪದೇ ಅರ್ಧಕ್ಕಿಂತ ಕೆಳಗೆ ಇಳಿಸಿದ್ರೆ ಅದ್ರ ಆಯುಸ್ಸು ಕಮ್ಮಿ ಆಗತ್ತೆ. ವಾರದೊಳಗೆ ಎಲ್ಲಾ ಕೀಂ ಕೀಂ ಅಂತ ಕೂಗಿ ಮಲಗಿದ್ವು, ಹೆಡ್‌ಮೇಷ್ಟ್ರು ಫೋನ್ ಮಾಡಿದ್ರೆ ಎತ್ತೋಕೂ ನಾಚ್ಕೆ. ಕೊನೆಗೆ ಡೆಸ್ಕ್‌ಟಾಪ್ ತೆಗೆದು ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ತಂದ್ವಿ, ಐದೂ ಸೇರಿ 150 ವ್ಯಾಟು, ಎರಡು ಗಂಟೆಗೆ 0.3 ಯೂನಿಟ್, ಮಳೇಲೂ ಎಳಕೊಂಡು ಹೋಗತ್ತೆ. ಪ್ಯಾನೆಲ್ಲೂ ಸ್ವಲ್ಪ ಎತ್ತಿ ಕಟ್ಟಿದೆ. ನಮ್ಮ ಅಕ್ಷಾಂಶ 14 ಡಿಗ್ರಿ, ಅಷ್ಟೇ ಓರೆ ಸಾಕು ಅಂತಾರೆ, ಆದ್ರೆ ಇಲ್ಲಿ ಎಲೆ ನಿಂತು ಪಾಚಿ ಕಟ್ಟತ್ತೆ, 20 ಇದ್ರೆ ಮಳೇನೇ ತೊಳೆಯತ್ತೆ.

ಪಾಠ ಶುರು ಮಾಡಿದ್ದು ‘ನುಡಿ’ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿಂದ. ಒತ್ತಕ್ಷರಕ್ಕೆ ಎಫ್ ಒತ್ತಬೇಕು ಅನ್ನೋದೇ ಮಕ್ಕಳಿಗೆ ಆಟ, ನಾಕನೇ ಕ್ಲಾಸಿನ ಹುಡುಗಿ ಎ, ಎಮ್, ಎಫ್, ಎಮ್ ಒತ್ತಿ ‘ಅಮ್ಮ’ ಬಂದಿದ್ದು ನೋಡಿ ಅಳಿಸಿ ಅಳಿಸಿ ಮತ್ತೆ ಹೊಡೀತಿತ್ತು.

ಮಧ್ಯ ಇನ್ನೊಂದು ತಲೆಬಿಸಿ, ಇದ್ದಕ್ಕಿದ್ದಂಗೆ ಇನ್ವರ್ಟರ್ ಟ್ರಿಪ್ ಆಗ್ತಿತ್ತು. ಮೂರು ಸಲ ಹೊಳೆ ದಾಟಿ ಹೋಗಿ ವೈರೆಲ್ಲ ಕಿತ್ತು ನೋಡಿದೆ, ಏನೂ ಇಲ್ಲ. ನಾಕನೇ ಸಲ ನೋಡಿದ್ರೆ ಬಿಸಿಯೂಟದ ಅಕ್ಕ ಕಾಯಿ ರುಬ್ಬೋಕೆ ಮಿಕ್ಸಿ ಹಾಕ್ತಿದಾರೆ, 750 ವ್ಯಾಟ್! ಮಕ್ಕಳೇ ನುಡೀಲಿ ‘ಇಲ್ಲಿ ಮಿಕ್ಸಿ ಹಾಕಬಾರದು’ ಅಂತ ಟೈಪ್ ಮಾಡಿದ್ರು, ಸಾಗರದಲ್ಲಿ ಪ್ರಿಂಟ್ ಹಾಕ್ಸಿ ಪ್ಲಗ್ ಮೇಲೆ ಅಂಟ್ಸಿದೆ. ಈಗ ಅಕ್ಕ ಕ್ಲಾಸ್ ಇಲ್ಲದ ಹೊತ್ತು ನೋಡ್ಕಂಡು, ಚೆನ್ನಾಗಿ ಬಿಸಿಲಿದ್ದ ದಿನ ಎರಡು ನಿಮಿಷ ರುಬ್ಬಿ ತೆಗೀತಾರಂತೆ. ಆ ಹೊತ್ತಿಗೆ ಬ್ಯಾಟ್ರಿ ಫುಲ್ ಇರತ್ತೆ, ನಾನೂ ಸುಮ್ನಿದೀನಿ.