ಕಕ್ಕಡದ ಮಳೆಯಲ್ಲಿ ಎಲೆಕ್ಟ್ರಿಕ್ ಗಿಟಾರ್, ವಾಲ್ವ್ ಆಂಪ್, ನಾಲ್ಕು ಪೆಡಲ್: ನನ್ನ ಅನುಭವ

ಗಿಟಾರ್ ಇಡುವ ಕೋಣೆಯಲ್ಲಿ ತೇವಾಂಶ ಶೇ. 45ರಿಂದ 55ರೊಳಗೆ ಇರಬೇಕು ಎಂದು ತಯಾರಕರು ಬರೆದಿರುತ್ತಾರೆ. ಕೊಡಗಿನ ಭಾಗಮಂಡಲದ ಕಡೆ ಜೂನ್ ಮಧ್ಯದಿಂದ ಕಕ್ಕಡ (ಕೊಡವರ ಜಡಿಮಳೆಯ ತಿಂಗಳು, ಆಗಸ್ಟ್ ಮಧ್ಯದವರೆಗೆ) ಮುಗಿಯುವವರೆಗೆ ಮನೆಯೊಳಗೇ ಮಾಪಕ 90ರಿಂದ ಕೆಳಗಿಳಿಯುವುದು ಅಪರೂಪ. ಮೇಲಿಂದ ಮರ ಬಿದ್ದು ಕರೆಂಟ್ ಹೋಗುವುದು, ಬಂದಾಗ ಏರುಪೇರಾಗಿ ಬರುವುದು. ಹಾಗಾಗಿ ಹೊಸ ಪೆಡಲ್‌ಗೆ ಇಟ್ಟ ದುಡ್ಡನ್ನು ನಾನು ಮೊದಲು ಒಂದು ತೇವಾಂಶ ಮಾಪಕ, ಒಂದು ಕಪಾಟು, ಒಂದು ಸ್ಟೆಬಿಲೈಸರ್, ಒಂದು ಅರ್ತಿಂಗ್ ಗುಂಡಿಗೆ (ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಹಳ್ಳ) ಹಾಕಿದೆ. ಸದ್ದು ಸುಧಾರಿಸಿದ್ದು ಅದರಿಂದಲೇ.

ಸಾಮಾನು ಇಷ್ಟು: ಸ್ಟ್ರಾಟೋಕಾಸ್ಟರ್ ಮಾದರಿಯ ಗಿಟಾರ್, ಮೂರು ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನವನ್ನು ಹಿಡಿಯುವ ಸುರುಳಿ), 648 ಮಿ.ಮೀ. ಸ್ಕೇಲ್ (ತಂತಿ ಕಂಪಿಸುವ ಉದ್ದ). ಎರಡು ಇಎಲ್84 ವಾಲ್ವ್‌ಗಳ (ಕಾದು ಕೆಲಸ ಮಾಡುವ ಗಾಜಿನ ನಳಿಕೆ) 15 ವಾಟ್ ಕಾಂಬೋ ಆಂಪ್, ಅಂದರೆ ಸ್ಪೀಕರೂ ಅದೇ ಪೆಟ್ಟಿಗೆಯಲ್ಲಿ. ಸದ್ದು ಬದಲಿಸಲು ಕಾಲಲ್ಲಿ ಒತ್ತುವ ನಾಲ್ಕು ಪೆಡಲ್: ಜರ್ಮೇನಿಯಂ ಫಜ್ (ಸದ್ದನ್ನು ಒರಟಾಗಿ ಒಡೆಯುವುದು), ವಾ (ಸದ್ದನ್ನು ‘ವಾ’ ಎನ್ನಿಸುವುದು), ಟ್ಯೂಬ್ ಸ್ಕ್ರೀಮರ್ ಬಗೆಯ ಓವರ್‌ಡ್ರೈವ್ (ಹದವಾಗಿ ಒಡೆಯುವುದು), ಡಿಜಿಟಲ್ ಡಿಲೇ (ಪ್ರತಿಧ್ವನಿ).

ಮೊದಲು ಮಾಪಕ. ಅಗ್ಗದ ಡಿಜಿಟಲ್ ಮಾಪಕ ಹತ್ತು ಅಂಕ ಆಚೀಚೆ ತೋರಿಸುವುದುಂಟು. ಒಂದು ಬಾಟಲಿ ಮುಚ್ಚಳದಲ್ಲಿ ಪುಡಿ ಉಪ್ಪು ಹಾಕಿ, ಕೆಸರಿನಷ್ಟು ಗಟ್ಟಿಯಾಗುವಂತೆ ಹನಿ ನೀರು ಬೆರೆಸಿ, ಮಾಪಕದ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಎಂಟು ಗಂಟೆ ಮುಚ್ಚಿಡಿ. ಒಳಗಿನ ತೇವಾಂಶ ಶೇ. 75ಕ್ಕೆ ಬಂದು ನಿಲ್ಲುತ್ತದೆ. ಮಾಪಕ 81 ತೋರಿಸಿದರೆ ಅದು 6 ಹೆಚ್ಚು ಹೇಳುತ್ತಿದೆ ಎಂದು ಅದರ ಬೆನ್ನಿಗೇ ಬರೆದಿಡಿ. ಉಪ್ಪು ಪೂರ್ತಿ ಕರಗಿ ನೀರಾದರೆ ಲೆಕ್ಕ ತಪ್ಪುತ್ತದೆ.

ಕಪಾಟಿನ ಉಪಾಯ ನಮ್ಮ ಕಡೆ ಹೊಸದೇನಲ್ಲ. ಬಟ್ಟೆಗೆ, ಕ್ಯಾಮೆರಾಕ್ಕೆ ಮೊದಲಿಂದಲೂ ಮಾಡುತ್ತಿದ್ದದ್ದೇ. ಬಾಗಿಲು ಬಿಗಿಯಾಗಿ ಕೂರುವ ಮರದ ಕಪಾಟು, ತಳದಲ್ಲಿ 40 ವಾಟಿನ ಹಳೇ ಕಾಲದ ಬಲ್ಬು, ಅದರ ಮೇಲೆ ತಗಡಿನ ಮರೆ. ಎಲ್‌ಇಡಿ ಹಾಕಿದರೆ ಪ್ರಯೋಜನವಿಲ್ಲ, ಬೇಕಾದದ್ದು ಬೆಳಕಲ್ಲ, ಶಾಖ. ಬಲ್ಬು ನೀರನ್ನು ಹೊರಗೆ ಓಡಿಸುವುದಿಲ್ಲ, ಗಾಳಿಯನ್ನು ಬೆಚ್ಚಗೆ ಮಾಡುತ್ತದೆ ಅಷ್ಟೆ. 20 ಡಿಗ್ರಿಯಲ್ಲಿ ಶೇ. 90 ಇದ್ದ ಗಾಳಿ 25 ಡಿಗ್ರಿಗೆ ಏರಿದರೆ ತೇವಾಂಶ ಸುಮಾರು 66ಕ್ಕೆ ಇಳಿಯುತ್ತದೆ. ಬೂಸ್ಟು ಹಿಡಿಯದಿರಲು ಅಷ್ಟು ಸಾಕು. ಗಿಟಾರ್ ಬಲ್ಬಿನಿಂದ ಎರಡಡಿಯಾದರೂ ಮೇಲಿರಲಿ. ಅಗ್ಗಿಷ್ಟಿಕೆ ಪಕ್ಕ, ಒಲೆ ಮೇಲಿನ ಅಟ್ಟ ಎರಡೂ ಬೇಡ. ಒಂದು ಮಗ್ಗುಲು ಮಾತ್ರ ಕಾದು ನೆಕ್ (ಗಿಟಾರಿನ ಉದ್ದನೆಯ ಕತ್ತು) ತಿರುಚಿಕೊಳ್ಳುತ್ತದೆ, ಹೊಗೆಯ ಜಿಡ್ಡು ಪಿಕಪ್ ಮೇಲೆ ಕೂರುತ್ತದೆ.

ಈ ಕಪಾಟಿನ ದೋಷ ಎಲ್ಲರಿಗೂ ಗೊತ್ತಿರುವುದೇ: ಕರೆಂಟ್ ಹೋದರೆ ಬಲ್ಬೂ ಹೋಯಿತು. ಮೂರು ದಿನ ಕತ್ತಲಾದರೆ ಕಪಾಟು ಹೊರಗಿನಷ್ಟೇ ಥಂಡಿ. ಆಗ ಗಿಟಾರನ್ನು ಹಾರ್ಡ್ ಕೇಸಿಗೆ ಹಾಕಿ, 250 ಗ್ರಾಂ ಸಿಲಿಕಾ ಜೆಲ್ಲನ್ನು ಎರಡು ಹತ್ತಿಬಟ್ಟೆಯ ಚೀಲಗಳಲ್ಲಿ ತುಂಬಿ, ಹೆಡ್‌ಸ್ಟಾಕ್ (ನೆಕ್ ತುದಿಯ ತಲೆ) ಬಳಿ ಒಂದು, ಬಾಡಿ ಬಳಿ ಒಂದು ಇಡುತ್ತೇನೆ. ಕಿತ್ತಳೆ ಬಣ್ಣದ ಹರಳು ಹಸಿರಾದರೆ ನೀರು ಕುಡಿದು ಮುಗಿಯಿತು ಎಂದರ್ಥ. ಓವನ್ನಿನಲ್ಲಿ 120 ಡಿಗ್ರಿಗೆ ಒಂದೂವರೆ ಗಂಟೆ ಇಟ್ಟರೆ ಮತ್ತೆ ಕಿತ್ತಳೆ. ನೀಲಿ ಹರಳಿನಲ್ಲಿ ಕೋಬಾಲ್ಟ್ ಇರುತ್ತದೆ, ಅಡುಗೆಯ ಓವನ್ನಿಗೆ ಅದನ್ನು ತರಬೇಡಿ.

ತಂತಿಯ ವಿಷಯ ಬೇಗ ಮುಗಿಯುತ್ತದೆ. 10–46 ಸೆಟ್ (ತಂತಿಗಳ ದಪ್ಪ, ಇಂಚಿನ ಸಾವಿರದ ಲೆಕ್ಕದಲ್ಲಿ), ಕೋಟಿಂಗ್ ಇರುವುದು. ಸಾದಾ ನಿಕ್ಕಲ್ ತಂತಿ ನನ್ನ ಕೈಯಲ್ಲಿ ಮಳೆಗಾಲಕ್ಕೆ ಹತ್ತು ಹನ್ನೆರಡು ದಿನವೂ ಬರುವುದಿಲ್ಲ, ಕೋಟಿಂಗ್ ಇದ್ದದ್ದು ಎರಡು ತಿಂಗಳು ಬಂದಿದೆ. ಕೋವಿ ಇರುವ ಮನೆಯವರಿಗೆ ಉಳಿದದ್ದನ್ನು ಹೇಳಿಕೊಡಬೇಕಿಲ್ಲ: ಮುಟ್ಟಿದ ಮೇಲೆ ಒರೆಸಿಯೇ ಇಡುವುದು. ತಂತಿಯ ಅಡಿಭಾಗವನ್ನೂ ಹಳೆ ಪಂಚೆಯ ತುಂಡು ತೂರಿಸಿ ಒರೆಸಬೇಕು, ಬೆರಳಿನ ಬೆವರು ಅಲ್ಲೇ ಉಳಿಯುವುದು. ಬ್ರಿಜ್‌ನ (ಬಾಡಿಯ ಮೇಲೆ ತಂತಿಗಳು ಕೂರುವ ಭಾಗ) ಸ್ಯಾಡಲ್ ಸ್ಕ್ರೂಗಳಿಗೆ ಹೊಲಿಗೆ ಯಂತ್ರದ ಎಣ್ಣೆ, ಹಲ್ಲುಕಡ್ಡಿಯ ತುದಿಯಲ್ಲಿ ಒಂದೊಂದೇ ಹನಿ. ಇದನ್ನು ಬಿಟ್ಟರೆ ಎರಡೇ ಮಳೆಗಾಲಕ್ಕೆ ಸ್ಕ್ರೂ ಹಿಡಿದುಕೊಂಡು, ಆಲನ್ ಕೀ ತಿರುಗಿಸಿದಾಗ ತಲೆ ಸವೆದುಹೋಗುತ್ತದೆ.

ಇನ್ನು ನೆಕ್. ಮಳೆಗೆ ಅದು ಮುಂದೆ ಬಾಗುತ್ತದೋ ಹಿಂದೆಯೋ ಎನ್ನುವುದು ಮರ ಮತ್ತು ಪಾಲಿಶ್ ಮೇಲೆ ನಿಂತಿದೆ; ಊಹೆ ಮಾಡದೆ ಅಳೆಯಿರಿ. ಮೊದಲ ಫ್ರೆಟ್ಟಿಗೆ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ) ಕಾಪೊ (ತಂತಿಗಳನ್ನು ಒತ್ತಿಹಿಡಿಯುವ ಕ್ಲಿಪ್ಪು) ಹಾಕಿ, ದಪ್ಪ ಇ ತಂತಿಯನ್ನು ಕೊನೆಯ ಫ್ರೆಟ್ಟಿನಲ್ಲಿ ಒತ್ತಿ, ಎಂಟನೇ ಫ್ರೆಟ್ಟಿನ ಮೇಲಿನ ಸಂದಿಗೆ ಫೀಲರ್ ಗೇಜ್ (ದಪ್ಪ ಬರೆದಿರುವ ತೆಳು ಉಕ್ಕಿನ ಪಟ್ಟಿಗಳು) ತೂರಿಸಿ. ಬುಲೆಟ್ ಮೆಕ್ಯಾನಿಕ್ ಟ್ಯಾಪೆಟ್‌ಗೆ ಬಳಸುವ ಅದೇ ಗೇಜ್. 0.25 ಮಿ.ಮೀ. ಪಟ್ಟಿ ತಂತಿಯನ್ನು ಎತ್ತದೆ ಸರಿದರೆ ಸರಿ. ಸಂದಿ ಹೆಚ್ಚಿದ್ದರೆ ಟ್ರಸ್ ರಾಡ್ (ನೆಕ್ ಒಳಗಿನ ಉಕ್ಕಿನ ಸರಳು) ಬಿಗಿ ಮಾಡಿ, ಕಡಿಮೆ ಇದ್ದರೆ ಸಡಿಲಿಸಿ, ಒಮ್ಮೆಗೆ ಎಂಟನೇ ಒಂದು ಸುತ್ತು ಮಾತ್ರ. ಮರ ಹೊಂದಿಕೊಳ್ಳಲು ಒಂದು ರಾತ್ರಿ ಬಿಟ್ಟು ಮತ್ತೆ ಅಳೆಯಿರಿ. ಸರಿಯಾದ ಅಳತೆಯ ಕೀ ಇಲ್ಲದೆ ಕೈ ಹಾಕಬೇಡಿ. ನಟ್ಟಿನ ಮೂಲೆ ಉರುಟಾದರೆ ಮುಂದಿನ ರಿಪೇರಿಯ ಖರ್ಚು ಗಿಟಾರಿನ ಅರ್ಧ ಬೆಲೆ.

ಗಿಟಾರಿನ ವಾಲ್ಯೂಮ್ ಗುಂಡಿ ತಿರುಗಿಸಿದಾಗ ಕರಕರ ಎಂದರೆ ಅದರಡಿಯ ಪಾಟ್‌ನೊಳಗೆ (ಸದ್ದು ಏರಿಳಿಸುವ ಬಿಡಿಭಾಗ) ಕಿಲುಬು. ಪಿಕ್‌ಗಾರ್ಡ್ ಬಿಚ್ಚಿ, ಪಾಟ್‌ನ ಸಂದಿಯಲ್ಲಿ ಕಾಂಟ್ಯಾಕ್ಟ್ ಕ್ಲೀನರ್ ಅರ್ಧ ಸೆಕೆಂಡು ಹೊಡೆದು, ಮೂವತ್ತು ಸಲ ಪೂರ್ತಿ ಆಚೀಚೆ ತಿರುಗಿಸಿ. ಗ್ಯಾರೇಜಿನಲ್ಲಿ ಸಿಗುವ ಸಾದಾ ಡಬ್ಲ್ಯುಡಿ-40 ಇಲ್ಲಿ ಬೇಡ. ಉಳಿಯುವ ಎಣ್ಣೆಗೆ ಧೂಳು ಅಂಟಿ ಮತ್ತೆ ಅದೇ ಗೋಳು. ಜ್ಯಾಕ್‌ಗೆ ಕಿವಿಕಡ್ಡಿಯಲ್ಲಿ ಅದೇ ಕ್ಲೀನರ್ ಸಾಕು. ಪೆಡಲ್ ಕೆಟ್ಟಿತು ಎಂದು ನನ್ನ ಮುಂದೆ ಬಂದವುಗಳಲ್ಲಿ ಹೆಚ್ಚಿನವು ಜ್ಯಾಕ್ ಒರೆಸಿದ ಕೂಡಲೇ ಬದುಕಿದವು.

ಆಂಪ್‌ಗೆ ಬರೋಣ. ಫೆಬ್ರವರಿ, ಮಾರ್ಚಿನಲ್ಲಿ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಕೈಕೊಟ್ಟು ಸುತ್ತಲ ತೋಟಗಳಲ್ಲಿ ಸ್ಪ್ರಿಂಕ್ಲರ್ ಮೋಟಾರು ಓಡಿದರೆ ನನ್ನ ಪ್ಲಗ್ಗಿನಲ್ಲಿ 180 ವೋಲ್ಟ್, ನಡುರಾತ್ರಿ 260. ವಾಲ್ವ್‌ನ ಹೀಟರ್‌ಗೆ ಬೇಕಾದದ್ದು 6.3 ವೋಲ್ಟ್. ಆಂಪ್ 230ಕ್ಕೆ ಮಾಡಿದ್ದಾದರೆ, 180ರಲ್ಲಿ ಹೀಟರ್‌ಗೆ ಸಿಗುವುದು 4.9: ಸದ್ದು ಸಪ್ಪೆ. 260ರಲ್ಲಿ 7.1: ವಾಲ್ವ್ ಬೇಗ ಸಾಯುತ್ತದೆ. ಫ್ರಿಜ್‌ಗೆ ಹಾಕುವ ರಿಲೇ ಸ್ಟೆಬಿಲೈಸರ್ ಇಲ್ಲಿ ಸರಿಹೋಗಲಿಲ್ಲ, ಟಕ್ ಎಂದಾಗಲೆಲ್ಲ ಸ್ಪೀಕರಿನಲ್ಲಿ ಪಟ್ ಎನ್ನುತ್ತಿತ್ತು, ಡಿಲೇ ಪೆಡಲ್ ಮೊದಲಿಂದ ಶುರುವಾಗುತ್ತಿತ್ತು. 1 ಕೆವಿಎ ಸರ್ವೋ ಸ್ಟೆಬಿಲೈಸರ್ (ಮೋಟಾರಿನಿಂದ ವೋಲ್ಟೇಜನ್ನು ನಯವಾಗಿ ಸರಿಪಡಿಸುವುದು) ಹಾಕಿದ ಮೇಲೆ ಎರಡೂ ನಿಂತವು. ಇನ್ವರ್ಟರ್ ಇದ್ದರೆ ಸೈನ್ ವೇವ್ ಮಾದರಿಯದ್ದೇ ಆಗಲಿ. ಸ್ಕ್ವೇರ್ ವೇವ್‌ನಲ್ಲಿ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಟ್ಟಿ ಆ ಗಿಜಿಗಿಜಿ ಫಜ್‌ನಲ್ಲಿ ನೂರ್ಮಡಿಯಾಗುತ್ತದೆ. ಗುಡುಗು ಕೇಳಿದರೆ ಸ್ವಿಚ್ ಆರಿಸಿದ್ದು ಸಾಲದು, ಪ್ಲಗ್ಗೇ ಕಿತ್ತಿಡಿ. ಸ್ಪೀಕರ್ ವೈರ್ ತೆಗೆದು ವಾಲ್ವ್ ಆಂಪ್ ಹಚ್ಚಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡುತ್ತದೆ, ಅದನ್ನು ಯಾವ ಸ್ಟೆಬಿಲೈಸರೂ ಉಳಿಸದು.

ಹಳೆ ತೋಟದ ಮನೆಗಳಲ್ಲಿ ಮೂರನೇ ಪಿನ್ನಿನ ತೂತು ಇರುತ್ತದೆ, ಅದರ ಹಿಂದೆ ಅರ್ತ್ ವೈರೇ ಇರುವುದಿಲ್ಲ. ಮಲ್ಟಿಮೀಟರಿನಲ್ಲಿ ಫೇಸ್–ನ್ಯೂಟ್ರಲ್ 230 ಇದ್ದಾಗ ಫೇಸ್–ಅರ್ತ್ ಕೂಡ ಅಷ್ಟೇ ಇರಬೇಕು, ನ್ಯೂಟ್ರಲ್–ಅರ್ತ್ 3 ವೋಲ್ಟಿಗಿಂತ ಕಡಿಮೆ. ಗಿಟಾರಿನ ತಂತಿ ಮುಟ್ಟಿದಾಗ ಗುಂಯ್ ಸದ್ದು ತಗ್ಗಿದರೆ ಅದು ಸಹಜ. ಗಿಟಾರಿನ ತಂತಿ ಹಿಡಿದು ಮೈಕಿಗೆ ತುಟಿ ತಾಗಿದಾಗ ಚುರ್ ಎಂದರೆ ಅಲ್ಲಿಗೇ ನಿಲ್ಲಿಸಿ, ಎಲೆಕ್ಟ್ರಿಷಿಯನ್ನನ್ನು ಕರೆಸಿ. ಸದ್ದು ಕಡಿಮೆಯಾಗಲೆಂದು ಆಂಪ್‌ನ ಅರ್ತ್ ಪಿನ್ ಕತ್ತರಿಸುವವರಿದ್ದಾರೆ. ಅದು ಪ್ರಾಣದ ಜೊತೆ ಆಟ. ನಮ್ಮಲ್ಲಿ ಅರ್ತಿಂಗ್ ಮಳೆಗಾಲದಲ್ಲಿ ತಾನಾಗಿ ಚೆನ್ನಾಗಿರುತ್ತದೆ, ಕೆಡುವುದು ಮಾರ್ಚಿನಲ್ಲಿ ಮಣ್ಣು ಒಣಗಿದಾಗ. ಆಗ ಗುಂಡಿಗೆ ವಾರಕ್ಕೆರಡು ಕೊಡ ನೀರು.

ಪೆಡಲ್‌ಗಳ ಸಾಲು: ಗಿಟಾರ್, ಫಜ್, ವಾ, ಓವರ್‌ಡ್ರೈವ್, ಡಿಲೇ, ಆಂಪ್. ವಾ ಮುಂದೆ ಇರಬೇಕು ಎನ್ನುವವರೇ ಹೆಚ್ಚು, ಆದರೆ ಜರ್ಮೇನಿಯಂ ಫಜ್ ಅದರ ಹಿಂದೆ ಬಂದರೆ ವಾ ಸೊರಗುತ್ತದೆ, ಕೆಲವೊಮ್ಮೆ ಕೀರಲು ಸಿಳ್ಳೆ ಹೊಡೆಯುತ್ತದೆ. ಫಜ್ ನೇರ ಗಿಟಾರನ್ನೇ ನೋಡುತ್ತಿದ್ದರೆ ಗಿಟಾರಿನ ವಾಲ್ಯೂಮ್ 10ರಿಂದ 6ಕ್ಕಿಳಿಸಿದಾಗ ಸದ್ದು ತಿಳಿಯಾಗುತ್ತದೆ. ಜರ್ಮೇನಿಯಂ ಟ್ರಾನ್ಸಿಸ್ಟರಿನ ಸೋರಿಕೆ ಬಿಸಿಲಿಗೆ ಏರುತ್ತದೆ. ಮೈಸೂರಿನ ಏಪ್ರಿಲ್ ಮಧ್ಯಾಹ್ನ ಮುದ್ದೆಯಾಗುವ ಇದೇ ಫಜ್ ಮಡಿಕೇರಿಯ ರಾತ್ರಿಗೆ ಹೇಳಿ ಮಾಡಿಸಿದಂತೆ. ಕೊಡಗಿನ ಹವೆ ಗಿಟಾರಿಗೆ ಮಾಡುವ ಉಪಕಾರ ಇದೊಂದೇ ಇರಬೇಕು.

ನನ್ನ ಫಜ್ ಪಾಸಿಟಿವ್ ಗ್ರೌಂಡ್ (ಉಳಿದವಕ್ಕೆ ಉಲ್ಟಾ, ಪ್ಲಸ್ ಕಡೆಯೇ ಗ್ರೌಂಡ್), ಆದ್ದರಿಂದ ಅದಕ್ಕೆ ಬೇರೆಯೇ 9 ವೋಲ್ಟ್ ಬ್ಯಾಟರಿ. ಉಳಿದವುಗಳ ಜೊತೆ ಒಂದೇ ವೈರಿಗೆ ಪೋಣಿಸಿದರೆ ಅಡಾಪ್ಟರ್ ಶಾರ್ಟ್ ಆಗುತ್ತದೆ. ನುಡಿಸಿದ ಮೇಲೆ ಇನ್‌ಪುಟ್ ಕೇಬಲ್ ಎಳೆದಿಡಿ, ಅದು ಚುಚ್ಚಿಕೊಂಡಿರುವಷ್ಟು ಹೊತ್ತು ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ. ಉಳಿದ ಮೂರಕ್ಕೆ ಸೆಂಟರ್ ನೆಗೆಟಿವ್ (ಪಿನ್ನಿನ ನಡುವೆ ಮೈನಸ್) 9 ವೋಲ್ಟ್, ಪ್ರತ್ಯೇಕ ಔಟ್‌ಪುಟ್‌ಗಳಿರುವ ಸಪ್ಲೈ. ಡಿಜಿಟಲ್ ಡಿಲೇಯನ್ನು ಓವರ್‌ಡ್ರೈವ್ ಜೊತೆ ಹಂಚಿಕೊಂಡರೆ ಸೊಳ್ಳೆಯಂಥ ಸದ್ದು ಸೇರುತ್ತದೆ. ವೈಫೈ ರೌಟರಿನ ಅಡಾಪ್ಟರ್ ಪಿನ್ನು ಪೆಡಲಿಗೆ ಸರಿಯಾಗಿ ಕೂರುವುದೇ ದೊಡ್ಡ ಮೋಸ: ಸಾಮಾನ್ಯವಾಗಿ ಅದು 12 ವೋಲ್ಟ್, ನಡುವೆ ಪಾಸಿಟಿವ್. ಹಾಗೆ ಚುಚ್ಚಿ ಪೆಡಲ್ ಸತ್ತಿದ್ದರೆ ಎಸೆಯಬೇಡಿ. ಪವರ್ ಜ್ಯಾಕ್ ಹತ್ತಿರ ಅಡ್ಡಲಾಗಿ ಕೂತ ರಕ್ಷಣೆಯ ಡಯೋಡ್ ಶಾರ್ಟ್ ಆಗಿರುವ ಸಂಭವ ಹೆಚ್ಚು. 1ಎನ್4001 ಅಥವಾ 4007, ಕೆಲವೇ ರೂಪಾಯಿ. ಬೆಳ್ಳಿ ಗೆರೆ ಹಳೆಯದು ಇದ್ದ ಕಡೆಗೇ ಬರುವಂತೆ ಬೆಸುಗೆ ಹಾಕಿ.

ಕೈಲ್ ಪೊಳ್ದ್ (ಸೆಪ್ಟೆಂಬರ್ ಮೊದಲಿನ ಕೊಡವರ ಆಯುಧ ಹಬ್ಬ) ಹೊತ್ತಿಗೆ ಮಳೆ ಹಿಡಿತ ಬಿಡುತ್ತದೆ. ಆಗ ಹೊಸ ತಂತಿ, ನೆಕ್ ಅಳತೆ, ಆಮೇಲೆ ಇಂಟೋನೇಶನ್ (ಎಲ್ಲ ಫ್ರೆಟ್ಟಿನಲ್ಲೂ ಶ್ರುತಿ ಸರಿ ಬರುವಂತೆ ಸ್ಯಾಡಲ್ ಸರಿಸುವುದು), ಇದೇ ಕ್ರಮದಲ್ಲಿ. ಜನವರಿಯ ಒಣ ಗಾಳಿಗೆ ಫ್ರೆಟ್‌ಬೋರ್ಡ್ ಕುಗ್ಗಿ ಫ್ರೆಟ್ ತುದಿಗಳು ಅಂಗೈಗೆ ಚುಚ್ಚತೊಡಗುತ್ತವೆ. ಬೋರ್ಡು ಬೀಟೆಯದು, ನಮ್ಮ ತೋಟದಂಚಿನಲ್ಲಿ ನಿಂತಿರುವ ಮರದ್ದೇ ಜಾತಿ. ಅದಕ್ಕೆ ವರ್ಷಕ್ಕೊಮ್ಮೆ, ಆ ತಿಂಗಳಲ್ಲಿ ಮಾತ್ರ, ನಾಲ್ಕು ಹನಿ ಮಿನರಲ್ ಎಣ್ಣೆ ಸವರಿ ಹತ್ತು ನಿಮಿಷಕ್ಕೆ ಒರೆಸಿಬಿಡುತ್ತೇನೆ. ಚುಚ್ಚುವ ಫ್ರೆಟ್ ತುದಿಗಳಿಗೆ ಅರ ಹಿಡಿಯುವುದು ಫೆಬ್ರವರಿ ಕೊನೆಗೆ, ಮರ ಪೂರ್ತಿ ಒಣಗಿದ ಮೇಲೆ. ಬೋರ್ಡಿನ ಅಂಚಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಸಣ್ಣ ಅರವನ್ನು 45 ಡಿಗ್ರಿ ಓರೆಯಲ್ಲಿ ಹಿಡಿದು, ತುದಿಯೊಂದಕ್ಕೆ ನಾಲ್ಕೈದು ಎಳೆತ.