ಕನ್ನಡ ವ್ಯಾಕರಣ ಕಲಿಯಬೇಕಾ? ಮೊದಲು ಪದದ ಬಾಲ ನೋಡಿ

ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷು. ಹೀಗೆ ಬೆಳೆದವರು ಕನ್ನಡದಲ್ಲಿ ನಾಲ್ಕು ಸಾಲು ಬರೆಯಲು ಕೂತರೆ ಕೈ ತಡೆಯುತ್ತದೆ. ಮಾತಾಡುವಾಗ ಇಲ್ಲದ ಅನುಮಾನಗಳೆಲ್ಲ ಆಗ ಬರುತ್ತವೆ. ‘ಪುಸ್ತಕಗಳು ಬಂತು’ ಸರಿಯಾ? ‘ಹಸುವನ್ನು’ ಅಂತೀವಲ್ಲ, ಹಾಗಾದರೆ ‘ಊರುವನ್ನು’ ಯಾಕಲ್ಲ? ಸರಿ ಅಂತ ವ್ಯಾಕರಣದ ಪುಸ್ತಕ ತೆಗೆದರೆ ಶುರುವಿನಲ್ಲೇ 49 ಅಕ್ಷರ, ಅದರಲ್ಲಿ 13 ಸ್ವರ, 2 ಯೋಗವಾಹ, 34 ವ್ಯಂಜನ, ಆಮೇಲೆ ಸಂಧಿ, ಆಮೇಲೆ ಸಮಾಸ. ಅಷ್ಟು ಹೊತ್ತಿಗೆ ಪುಸ್ತಕ ಮತ್ತೆ ಕಪಾಟು ಸೇರಿರುತ್ತದೆ.

ನನ್ನ ಸಲಹೆ ಬೇರೆ. ಅಕ್ಷರದಿಂದ ಶುರು ಮಾಡಬೇಡಿ, ಪದದ ಕೊನೆಯಿಂದ ಶುರು ಮಾಡಿ. ಕನ್ನಡದಲ್ಲಿ ಯಾರು, ಯಾರಿಗೆ, ಎಲ್ಲಿಂದ, ಯಾವಾಗ, ಎಷ್ಟು ಮಂದಿ ಅನ್ನುವ ಮಾಹಿತಿಯೆಲ್ಲ ಜಾಸ್ತಿ ಪದದ ಬಾಲದಲ್ಲೇ ಇರುತ್ತದೆ. ಆ ಬಾಲಕ್ಕೆ ವ್ಯಾಕರಣದಲ್ಲಿ ಪ್ರತ್ಯಯ ಅಂತ ಹೆಸರು.

ಒಂದು ವಾಕ್ಯ ತೆಗೆದುಕೊಳ್ಳೋಣ.

ಅಜ್ಜಿ ಬೇಗನೆ ಎದ್ದು ಹಿತ್ತಲಿನಿಂದ ಕರಿಬೇವು ತಂದು ಸಾರಿಗೆ ಒಗ್ಗರಣೆ ಹಾಕಿದಳು.

ಇಂಗ್ಲಿಷಿನಲ್ಲಿ ಎಂಟು ಬಗೆಯ ಪದ ಅಂತ ಕಲಿತು ಬಂದವರು ಇಲ್ಲೂ ಎಂಟು ಹುಡುಕಲು ಹೋಗುತ್ತಾರೆ. ಬೇಡ. ನಮಗೆ ಮುಖ್ಯವಾಗಿ ಮೂರು ಸಾಕು: ನಾಮಪದ, ಕ್ರಿಯಾಪದ, ಅವ್ಯಯ. ಗುಂಪು ಪತ್ತೆ ಮಾಡುವುದೂ ಸುಲಭ. ಪದಕ್ಕೆ ‘ಅನ್ನು’, ‘ಗೆ’, ‘ಇಂದ’ ಇವನ್ನೆಲ್ಲ ಅಂಟಿಸಲು ಬಂದರೆ ನಾಮಪದ. ‘ನಾನು’ ತೆಗೆದು ‘ಅವರು’ ಹಾಕಿದಾಗ ಅಥವಾ ‘ನಿನ್ನೆ’ ತೆಗೆದು ‘ನಾಳೆ’ ಹಾಕಿದಾಗ ಬಾಲ ಬದಲಾದರೆ ಕ್ರಿಯಾಪದ. ಏನು ಮಾಡಿದರೂ ಬದಲಾಗದೆ ಕೂತಿದ್ದರೆ ಅವ್ಯಯ.

ಈಗ ಮೇಲಿನ ವಾಕ್ಯ ನೋಡಿ. ಅಜ್ಜಿಯನ್ನು, ಅಜ್ಜಿಗೆ ಅನ್ನಬಹುದು. ಹಿತ್ತಲನ್ನು, ಕರಿಬೇವಿಗೆ, ಸಾರನ್ನು, ಒಗ್ಗರಣೆಯಿಂದ, ಇವೆಲ್ಲ ನಾಮಪದ. ‘ಹಾಕಿದಳು’ ಕ್ರಿಯಾಪದ, ನಾನು ಆದರೆ ‘ಹಾಕಿದೆ’, ನಾಳೆ ಆದರೆ ‘ಹಾಕುತ್ತಾಳೆ’. ‘ಬೇಗನೆ’ ಅವ್ಯಯ, ಯಾರು ಎದ್ದರೂ ಬೇಗನೆ ಬೇಗನೆಯೇ. ಉಳಿದದ್ದು ‘ಎದ್ದು’ ಮತ್ತು ‘ತಂದು’. ಏಳು, ತರು ಅನ್ನುವ ಧಾತುಗಳಿಂದ (ಕ್ರಿಯೆಯ ಮೂಲರೂಪಗಳಿಂದ) ಬಂದಿವೆ, ಕೆಲಸವನ್ನೂ ಹೇಳುತ್ತವೆ, ಆದರೆ ‘ನಾನು ಎದ್ದು’, ‘ಅವರು ಎದ್ದು’, ಬಾಲ ಅಲ್ಲಾಡುವುದಿಲ್ಲ. ಅದಕ್ಕೇ ಶಾಲೆಯ ವ್ಯಾಕರಣ ಇವನ್ನು ಕೃದಂತಾವ್ಯಯ ಅನ್ನುತ್ತದೆ. ಹೆಸರು ಭಾರ ಅನಿಸಿದರೆ ಬಿಡಿ, ಕೆಲಸ ಮಾತ್ರ ಚೆನ್ನಾಗಿ ಗಮನಿಸಿ: ಎದ್ದು, ಮುಖ ತೊಳೆದು, ಕಾಫಿ ಕುಡಿದು, ಚಪ್ಪಲಿ ಮೆಟ್ಟಿಕೊಂಡು, ಗೇಟು ಹಾಕಿ ಹೊರಟ. ಎಷ್ಟು ಕೆಲಸ ಬೇಕಾದರೂ ಹೀಗೆ ಸಾಲಾಗಿ ಪೋಣಿಸಬಹುದು, ನಡುವೆ ಒಂದು ‘ಮತ್ತು’ ಕೂಡ ಬೇಡ. ‘ಅವನು ಎದ್ದನು ಮತ್ತು ಕಾಫಿ ಕುಡಿದನು ಮತ್ತು ಹೊರಟನು’ ಅಂತ ಬರೆದರೆ ತಪ್ಪು ಅಂತಲ್ಲ, ಆದರೆ ಕನ್ನಡದ ಕಿವಿಗೆ ಅದು ಒಗ್ಗುವುದಿಲ್ಲ.

ಇನ್ನೊಂದು ವಿಷಯ. ದೊಡ್ಡ, ಕೆಂಪು, ಒಳ್ಳೆಯ ಇಂಥ ಗುಣವಾಚಕಗಳನ್ನೂ, ನಾನು ನೀನು ಅವರು ಅನ್ನುವ ಸರ್ವನಾಮಗಳನ್ನೂ ನಮ್ಮ ವ್ಯಾಕರಣ ನಾಮಪದದ ಮನೆಯೊಳಗೇ ಇಟ್ಟಿದೆ. ದೊಡ್ಡವನು, ದೊಡ್ಡದನ್ನು, ದೊಡ್ಡವರಿಗೆ ಅನ್ನುತ್ತೇವಲ್ಲ, ಅದಕ್ಕೆ. ಆದರೆ ಇನ್ನೊಂದು ಪದಕ್ಕಿಂತ ಮೊದಲು ನಿಂತಾಗ ಗುಣವಾಚಕ ಸುಮ್ನೆ ಇರುತ್ತದೆ: ದೊಡ್ಡ ಮನೆ, ದೊಡ್ಡ ಮನೆಗಳು, ದೊಡ್ಡ ಮನೆಯಲ್ಲಿ. ಹಿಂದಿ ಕಲಿತವರಿಗೆ ಇದು ಎಷ್ಟು ದೊಡ್ಡ ಉಪಕಾರ ಅಂತ ಗೊತ್ತು.

ಈಗ ನಾಮಪದದ ಬಾಲಗಳು, ಅಂದರೆ ವಿಭಕ್ತಿ. ಬಾಯಿಪಾಠ ಮಾಡಬೇಡಿ, ಪ್ರಶ್ನೆ ಕೇಳಿ. ಯಾರು? ಅಣ್ಣ. ಯಾರನ್ನು? ಅಣ್ಣನನ್ನು. ಯಾರಿಂದ? ಅಣ್ಣನಿಂದ. ಯಾರಿಗೆ? ಅಣ್ಣನಿಗೆ. ಯಾರ? ಅಣ್ಣನ. ಯಾರಲ್ಲಿ? ಅಣ್ಣನಲ್ಲಿ. ಕರೆದರೆ, ಅಣ್ಣಾ! ಇಷ್ಟೇ. ಪುಸ್ತಕದಲ್ಲಿ ಪಂಚಮಿ ಅಂತ ಇನ್ನೊಂದು ಇರುತ್ತದೆ, ಅದರ ಪ್ರತ್ಯಯ ‘ದೆಸೆಯಿಂದ’. ಮರದ ದೆಸೆಯಿಂದ ಹಣ್ಣು ಬಿತ್ತು ಅಂತ ಯಾರು ಹೇಳುತ್ತಾರೆ ಹೇಳಿ? ಮರದಿಂದ ಬಿತ್ತು ಅಂತೀವಿ, ತೃತೀಯೆಯ ‘ಇಂದ’ವೇ ಎರಡೂ ಕೆಲಸ ಮಾಡುತ್ತದೆ. ಸಂಸ್ಕೃತದ ಏಳು ವಿಭಕ್ತಿಗಳ ಲೆಕ್ಕಕ್ಕೆ ಸರಿಹೊಂದಲಿ ಅಂತ ಪಂಚಮಿ ಪಟ್ಟಿಯಲ್ಲಿ ಉಳಿದಿದೆ. ಪರೀಕ್ಷೆ ಬರೆಯುವ ಮಕ್ಕಳು ಕಲಿಯಲಿ, ನೀವು ದಾಟಿಕೊಂಡು ಹೋಗಿ.

ತಲೆ ಕೆಡಿಸುವುದು ಚತುರ್ಥಿ, ಅಂದರೆ ‘ಯಾರಿಗೆ’ಯ ಬಾಲ. ಗೆ, ಇಗೆ, ಕ್ಕೆ, ಇವುಗಳಲ್ಲಿ ಯಾವುದು ಎಲ್ಲಿ? ಇದನ್ನು ಕಲಿಯಲು ಬಸ್ ನಿಲ್ದಾಣಕ್ಕಿಂತ ಒಳ್ಳೆಯ ಜಾಗ ಇಲ್ಲ. ಮಂಡ್ಯಕ್ಕೆ, ಹಾಸನಕ್ಕೆ, ಕೋಲಾರಕ್ಕೆ, ಧಾರವಾಡಕ್ಕೆ, ಕೊಪ್ಪಳಕ್ಕೆ: ಎಲ್ಲ ‘ಅ’ದಿಂದ ಮುಗಿಯುವ ಹೆಸರು. ಉಡುಪಿಗೆ, ಮಡಿಕೇರಿಗೆ, ದಾವಣಗೆರೆಗೆ: ‘ಇ’ ಅಥವಾ ‘ಎ’ಯಿಂದ ಮುಗಿದವು. ಮೈಸೂರಿಗೆ, ರಾಯಚೂರಿಗೆ, ತುಮಕೂರಿಗೆ: ‘ಉ’. ಉಳಿದ ವಿಭಕ್ತಿಗಳೂ ಇದೇ ದಾರಿ ಹಿಡಿಯುತ್ತವೆ. ಮಂಡ್ಯದಿಂದ, ಮಂಡ್ಯದಲ್ಲಿ ಅಂತ ನಡುವೆ ‘ದ’ ಬರುತ್ತದೆ, ಉಡುಪಿಯಿಂದ ಅನ್ನುವಾಗ ‘ಯ’, ಮೈಸೂರಿನಿಂದ ಅನ್ನುವಾಗ ‘ಇನ’. ಮನುಷ್ಯರ ವಿಷಯಕ್ಕೆ ಬಂದರೆ ‘ಅ’ದಿಂದ ಮುಗಿದರೂ ‘ಕ್ಕೆ’ ಇಲ್ಲ: ಹುಡುಗನಿಗೆ, ಅಕ್ಕನಿಗೆ, ಅಮ್ಮನಿಗೆ. ಅದು, ಇದು, ಒಂದು ಇವು ಮಾತ್ರ ಸ್ವಲ್ಪ ತರಲೆ, ‘ಉ’ ಇದ್ದರೂ ಅದಕ್ಕೆ, ಇದಕ್ಕೆ, ಒಂದಕ್ಕೆ. ಸಿನಿಮಾಕ್ಕೆ, ಸಿನಿಮಾಗೆ ಎರಡೂ ಚಾಲ್ತಿಯಲ್ಲಿವೆ. ಅದಕ್ಕಾಗಿ ಜಗಳ ಬೇಡ.

ಕೊನೆಯಲ್ಲಿ ‘ಗೆ’ ಕಂಡ ತಕ್ಷಣ ಚತುರ್ಥಿ ಅಂತ ಬರೆದುಬಿಡುವವರೂ ಇದ್ದಾರೆ. ಮಲ್ಲಿಗೆ, ಹೋಳಿಗೆ, ಅಡುಗೆ ಚತುರ್ಥಿಯಲ್ಲ. ಪರೀಕ್ಷೆ ಹೀಗೆ ಮಾಡಿ: ಅದರ ಮೇಲೆ ಇನ್ನೊಂದು ಪ್ರತ್ಯಯ ಕೂರುತ್ತದಾ? ಹೋಳಿಗೆಯನ್ನು, ಮಲ್ಲಿಗೆಯಿಂದ, ಕೂರುತ್ತದೆ, ಹಾಗಾದರೆ ಆ ‘ಗೆ’ ಪದದ್ದೇ ಭಾಗ. ನಮ್ಮ ವಾಕ್ಯದ ‘ಸಾರಿಗೆ’ಗೆ ಏನೂ ಕೂರುವುದಿಲ್ಲ, ಅದು ಸಾರು ಮತ್ತು ಇಗೆ. (ಬಸ್ಸು ಓಡಿಸುವ ಸಾರಿಗೆ ಬೇರೆ, ಅಲ್ಲಿ ಸಾರಿಗೆಯನ್ನು, ಸಾರಿಗೆಯಿಂದ ಅಂತ ಧಾರಾಳವಾಗಿ ಅನ್ನಬಹುದು.)

‘ಅನ್ನು’ ಎಲ್ಲ ಕಡೆ ಹಾಕಲೇಬೇಕು ಅಂತಿಲ್ಲ. ಕರಿಬೇವು ತಂದು ಅಂದೆವು, ಕರಿಬೇವನ್ನು ಅನ್ನಲಿಲ್ಲ. ಕಾಫಿ ಕುಡಿದೆ, ಪೇಪರ್ ಓದಿದೆ, ಸಾಕು. ಮನುಷ್ಯರ ಹೆಸರಿದ್ದರೆ ಬಿಡಲು ಆಗುವುದಿಲ್ಲ. ‘ರವಿ ಸೋಮ ಕರೆದ’ ಅಂದರೆ ಯಾರು ಯಾರನ್ನು ಕರೆದರೋ ದೇವರೇ ಬಲ್ಲ.

ಕ್ರಿಯಾಪದಕ್ಕೆ ಬರೋಣ. ಒಂದು ಹಾಳೆಯಲ್ಲಿ ಒಂದೇ ಕ್ರಿಯೆಯ ಒಂಬತ್ತು ರೂಪ ಬರೆಯಿರಿ: ನಾನು ಬರುತ್ತೇನೆ, ನಾವು ಬರುತ್ತೇವೆ, ನೀನು ಬರುತ್ತೀಯೆ, ನೀವು ಬರುತ್ತೀರಿ, ಅವನು ಬರುತ್ತಾನೆ, ಅವಳು ಬರುತ್ತಾಳೆ, ಅವರು ಬರುತ್ತಾರೆ, ಅದು ಬರುತ್ತದೆ, ಅವು ಬರುತ್ತವೆ. ಇದು ಗಟ್ಟಿಯಾದರೆ ವರ್ತಮಾನ ಮುಗಿದಂತೆ. ಭೂತಕಾಲದಲ್ಲಿ ಸಾಮಾನ್ಯವಾಗಿ ‘ದ’ ಬರುತ್ತದೆ, ಮಾಡಿದ, ಓದಿದ. ಆದರೆ ದಿನಾ ಬಳಸುವ ಎಷ್ಟೋ ಧಾತುಗಳು ರೂಪವನ್ನೇ ಬದಲಿಸಿಕೊಳ್ಳುತ್ತವೆ: ಕೊಡು ಕೊಟ್ಟ, ನಗು ನಕ್ಕ, ಬೀಳು ಬಿದ್ದ, ತಿನ್ನು ತಿಂದ. ನೀವು ಇವನ್ನು ಹುಟ್ಟಿದಾಗಿನಿಂದ ಸರಿಯಾಗೇ ಹೇಳುತ್ತಿದ್ದೀರಿ, ಹೊಸದಾಗಿ ಕಲಿಯುವುದೇನಿಲ್ಲ. ಇಲ್ಲ ಅನ್ನುವಾಗ ಇನ್ನೂ ಆರಾಮ, ಒಂಬತ್ತು ಜನಕ್ಕೂ ಒಂದೇ ರೂಪ, ‘ಬರುವುದಿಲ್ಲ’. ಹಾಗೇ ಇಲ್ಲ ಮತ್ತು ಅಲ್ಲ ಬೆರೆಸಬೇಡಿ. ಮನೆಯಲ್ಲಿ ಅಪ್ಪ ಇಲ್ಲ, ಬಂದವರು ಅಪ್ಪ ಅಲ್ಲ.

ಬರೆಯುವಾಗ ಎಡವುವುದು ಜಾಸ್ತಿ ಹೊಂದಾಣಿಕೆಯಲ್ಲಿ. ಪುಸ್ತಕಗಳು ಬಂತು ಅಂತ ಮಾತಿನಲ್ಲಿ ಕೇಳಿಸುತ್ತದೆ, ಬರಹದಲ್ಲಿ ಬಂದವು. ಜನ ಬಂದರು. ಮಗು ಅಳುತ್ತಿದೆ. ಸೂರ್ಯ ಮೂಡಿದ, ಸೂರ್ಯ ಮೂಡಿತು, ಎರಡೂ ಸರಿ, ಅದಕ್ಕೆ ಪುನ್ನಪುಂಸಕಲಿಂಗ ಅಂತ ಪ್ರತ್ಯೇಕ ಹೆಸರೇ ಇದೆ. ಅಜ್ಜಿ ಹಾಕಿದಳೋ ಹಾಕಿದರೋ ಅನ್ನುವುದನ್ನು ವ್ಯಾಕರಣ ತೀರ್ಮಾನಿಸುವುದಿಲ್ಲ, ನಿಮ್ಮ ಮನೆಯ ರೂಢಿ ತೀರ್ಮಾನಿಸುತ್ತದೆ. ಎಣಿಸುವಾಗ ವಸ್ತುಗಳಿಗೆ ‘ಗಳು’ ಬೇಕೇ ಬೇಕು ಅಂತಿಲ್ಲ, ಎರಡು ಪುಸ್ತಕ ಕೊಡಿ ಅಂದರೆ ಸಾಕು. ಮನುಷ್ಯರಾದರೆ ಇಬ್ಬರು ಹುಡುಗರು, ಮೂವರು ಹೆಂಗಸರು. ಹೊರದೇಶದಲ್ಲಿ ಬೆಳೆಯುವ ಮಕ್ಕಳು ‘ಎರಡು ಹುಡುಗರು’ ಅಂದಾಗ ಬೈಯಬೇಡಿ, ಇಬ್ಬರು ಅಂತ ತಿದ್ದಿ ಮುಂದೆ ಹೋಗಿ.

ನನಗೆ ಹಸಿವಾಗಿದೆ, ನನಗೆ ಜ್ವರ ಬಂದಿದೆ, ಇಂಥಲ್ಲಿ ಕ್ರಿಯಾಪದ ‘ಏನೆ’ ಅಂತ ಯಾಕೆ ಮುಗಿಯುವುದಿಲ್ಲ ಅಂತ ಕೇಳಿದರೆ, ಬಂದದ್ದು ಜ್ವರ, ನಾನಲ್ಲ. ಕ್ರಿಯಾಪದ ಪ್ರಥಮಾ ವಿಭಕ್ತಿಯಲ್ಲಿರುವ, ಅಂದರೆ ‘ಯಾರು, ಏನು’ಗೆ ಉತ್ತರವಾಗುವ ಪದದ ಮಾತು ಕೇಳುತ್ತದೆ, ‘ಗೆ’ ಹಚ್ಚಿಕೊಂಡವರ ಮಾತಲ್ಲ.

ಸಂಧಿಯನ್ನು, ಅಂದರೆ ಎರಡು ಪದ ಅಥವಾ ಪದ ಮತ್ತು ಪ್ರತ್ಯಯ ಸೇರುವಾಗ ಆಗುವ ಬದಲಾವಣೆಯನ್ನು, ಇಷ್ಟು ಹೊತ್ತು ತಡೆದಿಟ್ಟದ್ದು ಬೇಕಂತಲೇ. ವಿಭಕ್ತಿ ಗೊತ್ತಾದ ಮೇಲೆ ಸಂಧಿ ಅರ್ಧ ತಾನೇ ಬರುತ್ತದೆ. ಊರು ಮತ್ತು ಅನ್ನು ಸೇರಿ ಊರನ್ನು, ಒಂದು ‘ಉ’ ಹೋಯಿತು, ಲೋಪ. ಮನೆ ಮತ್ತು ಅಲ್ಲಿ ಸೇರಿ ಮನೆಯಲ್ಲಿ, ‘ಯ’ ಬಂತು, ಆಗಮ. ಮಳೆ ಮತ್ತು ಕಾಲ ಸೇರಿ ಮಳೆಗಾಲ, ‘ಕ’ ಹೋಗಿ ‘ಗ’ ಬಂತು, ಆದೇಶ. ಕನ್ನಡ ಸಂಧಿ ಇವು ಮೂರೇ. ಹಾಗಾದರೆ ಹಸು ಯಾಕೆ ಹಸನ್ನು ಆಗಲಿಲ್ಲ? ಎರಡೇ ಅಕ್ಷರ, ಎರಡೂ ಹ್ರಸ್ವ, ನಡುವೆ ಒತ್ತು ಇಲ್ಲ ಅಂದರೆ ಕೊನೆಯ ‘ಉ’ ಸಾಮಾನ್ಯವಾಗಿ ಬಿದ್ದುಹೋಗುವುದಿಲ್ಲ: ಹಸುವನ್ನು, ಕರುವನ್ನು, ಮಗುವನ್ನು, ಗುರುವನ್ನು. ಮೊದಲ ಅಕ್ಷರ ದೀರ್ಘವಾದರೆ ಅಥವಾ ಒತ್ತು ಇದ್ದರೆ ಬೀಳುತ್ತದೆ: ಹಾಲನ್ನು, ಕಲ್ಲನ್ನು. ವಸ್ತು, ಧಾತು ಇಂಥ ಸಂಸ್ಕೃತದ ಪದಗಳಿಗೆ ಈ ಲೆಕ್ಕ ಇಲ್ಲ, ವಸ್ತುವನ್ನು, ಧಾತುವನ್ನು. ಅದು, ಇದು ಇಲ್ಲೂ ತರಲೆಯೇ, ಅದನ್ನು, ಇದನ್ನು.

ಸವರ್ಣದೀರ್ಘ, ಗುಣ, ವೃದ್ಧಿ, ಯಣ್ ಎಲ್ಲ ಸಂಸ್ಕೃತ ಸಂಧಿಗಳು. ಪರೀಕ್ಷೆ ಇಲ್ಲದವರಿಗೆ ಅವಸರವಿಲ್ಲ.

ಅಭ್ಯಾಸಕ್ಕೆ ದುಡ್ಡು ಕೊಡಬೇಕಾಗಿಲ್ಲ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಶಾಲೆಯ ಪುಸ್ತಕಗಳು ಪುಕ್ಕಟೆ ಸಿಗುತ್ತವೆ, ಹೈಸ್ಕೂಲಿನ ಕನ್ನಡ ಪುಸ್ತಕದ ವ್ಯಾಕರಣ ಭಾಗ ಧಾರಾಳ ಸಾಕು. ಇಲ್ಲವಾದರೆ ಇವತ್ತಿನ ಪೇಪರಿನ ಒಂದು ಸುದ್ದಿ ತೆಗೆದುಕೊಂಡು ಪ್ರತಿ ಪದದ ಬಾಲಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ, ಆಮೇಲೆ ಅದೇ ಸುದ್ದಿಯನ್ನು ‘ನಾನು’ ಹೇಳುತ್ತಿರುವ ಹಾಗೆ ತಿರುಗಿಸಿ ಬರೆಯಿರಿ, ಯಾವ ಬಾಲಗಳು ಬದಲಾದವು ನೋಡಿ. ನಿಮ್ಮೂರಿನ ಆಡುಮಾತು ಇದಕ್ಕೆ ಅಡ್ಡಿ ಬರುವುದಿಲ್ಲ. ಧಾರವಾಡದ ಕಡೆ ಮನೆ ಮನಿ ಆದರೂ, ಮನಿಗೆ ಅನ್ನುವಾಗ ‘ಗೆ’ ಅಲ್ಲೇ ಇರುತ್ತದೆ. ಮೊದಲಿಗೆ ಇದೊಂದು ಮಾಡಿ: ಹುಳು, ಹೂ, ಹೆಸರು, ಕೆರೆ, ಹೊಲ, ಈ ಐದಕ್ಕೆ ‘ಅನ್ನು’ ಸೇರಿಸಿ ಬರೆದು, ಎಲ್ಲಿ ಲೋಪ, ಎಲ್ಲಿ ‘ಯ’, ಎಲ್ಲಿ ‘ವ’ ಬಂತು ಅಂತ ಪಕ್ಕದಲ್ಲಿ ಗುರುತು ಹಾಕಿ.